ಎಂಬತ್ತು ಕಾಲಮ್ಮಿನ ಋಣ

1928ರಲ್ಲಿ ಐಬಿಎಂ ಕಂಪನಿ ತನ್ನ ಪಂಚ್ ಕಾರ್ಡಿನಲ್ಲಿ ಎಂಬತ್ತು ಕಾಲಮ್ಮುಗಳನ್ನು ಕೂರಿಸಿತು. ಒಂದು ಕಾಲಮ್ಮಿಗೆ ಒಂದು ಅಕ್ಷರ. ಆ ಕಾರ್ಡುಗಳು ಮ್ಯೂಸಿಯಂ ಸೇರಿ ದಶಕಗಳಾದವು. ಆದರೂ ಆಸ್ಟ್ರೋಸ್ಯಾಟ್ ಉಪಗ್ರಹದ ದತ್ತಾಂಶವನ್ನು ಬೆಂಗಳೂರಿನ ಬಳಿಯ ಬ್ಯಾಲಾಳಿನ ಕೇಂದ್ರದಿಂದ ಪಡೆದು ಪುಣೆಯಲ್ಲೋ ದಿಲ್ಲಿಯಲ್ಲೋ ಪೈಥಾನಿನಲ್ಲಿ ತೆರೆಯುವ ವಿದ್ಯಾರ್ಥಿಗೆ ಮೊದಲು ಎದುರಾಗುವುದು ಎಂಬತ್ತೆಂಬತ್ತು ಅಕ್ಷರದ ಸಾಲುಗಳೇ.

ಆ ಫೈಲಿನ ಹೆಸರು ಫಿಟ್ಸ್. 1970ರ ದಶಕದ ಕೊನೆಯಲ್ಲಿ ಒಂದು ವೀಕ್ಷಣಾಲಯದ ಟೇಪನ್ನು ಇನ್ನೊಂದರ ಕಂಪ್ಯೂಟರ್ ಓದುವುದೇ ಕಷ್ಟವಾಗಿತ್ತು. ಒಂದು ಯಂತ್ರದ ಪದಕ್ಕೆ 32 ಬಿಟ್, ಇನ್ನೊಂದರದ್ದಕ್ಕೆ 36, ಮತ್ತೊಂದರದ್ದಕ್ಕೆ 60. ಡಾನ್ ವೆಲ್ಸ್, ಎರಿಕ್ ಗ್ರೈಸೆನ್ ಮೊದಲಾದವರು 1979ರ ಹೊತ್ತಿಗೆ ಹುಡುಕಿಕೊಂಡ ಉಪಾಯ 2880 ಬೈಟ್‌ಗಳ ಕಟ್ಟು. ಅಂದರೆ 23,040 ಬಿಟ್; ಇದು 32, 36, 60 ಎಲ್ಲದರಿಂದಲೂ ಶೇಷವಿಲ್ಲದೆ ಭಾಗವಾಗುತ್ತದೆ. ಒಂದು ಕಟ್ಟಿನಲ್ಲಿ ಸರಿಯಾಗಿ 36 ಕಾರ್ಡು. ಇದರ ಲೇಖನ 1981ರಲ್ಲಿ ಅಚ್ಚಾಯಿತು. ಹೊಸ ನಿಯಮ ಯಾವುದೇ ಬರಲಿ, ಹಳೆಯ ಫೈಲು ಓದಲು ಬಾರದಂತಾಗಬಾರದು ಎಂಬ ಹಠವನ್ನೂ ಅವರ ನಂತರದವರು ಬಿಡಲಿಲ್ಲ.

ಮುಂದೆ ಫಿಟ್ಸ್‌ಗೆ ಕೋಷ್ಟಕಗಳು ಬಂದಾಗ ನಕ್ಷತ್ರದ ಹೆಸರಿಗೂ ಅಳತೆ ಕಟ್ಟಿದ ಗೂಡೇ ಸಿಕ್ಕಿತು. ಇಪ್ಪತ್ತು ಅಕ್ಷರದ ಗೂಡಿನಲ್ಲಿ ಐದೇ ಅಕ್ಷರದ ಹೆಸರಿದ್ದರೂ ಉಳಿದ ಹದಿನೈದು ಜಾಗ ಖಾಲಿಯೇ. ಜಾಗದ ದುಂದು ನಿಜ, ಆದರೆ ಹತ್ತು ಲಕ್ಷನೆಯ ಹೆಸರು ಎಲ್ಲಿದೆ ಎಂಬುದು ಒಂದು ಗುಣಾಕಾರದಲ್ಲಿ ತಿಳಿಯುತ್ತದೆ. ಇದಕ್ಕೆ ವಿರುದ್ಧವಾಗಿ 1998ರ ಎಚ್‌ಡಿಎಫ್5ರಲ್ಲಿ ಉದ್ದ ಬದಲಾಗುವ ಸ್ಟ್ರಿಂಗ್‌ಗೂ ಅವಕಾಶವಿದೆ. ಅಲ್ಲಿ ಗೂಡಿನಲ್ಲಿರುವುದು ಹೆಸರಲ್ಲ, ಹೆಸರಿರುವ ಜಾಗದ ವಿಳಾಸ. ಪ್ರತಿ ಹೆಸರಿಗೂ ಬೇರೆ ಮನೆಯ ಕದ ತಟ್ಟಬೇಕು. ಒಂದೇ ಕಾಲಮ್ಮನ್ನು ಎರಡು ಬಗೆಯಲ್ಲೂ ಬರೆದು ಓದಿಸಿ ನೋಡಿದವರಿಗೆ ಈ ವ್ಯತ್ಯಾಸವನ್ನು ಹೇಳಿಕೊಡಬೇಕಿಲ್ಲ.

ಪೈಥಾನಿನಲ್ಲಿ ತೊಂದರೆ ಶುರುವಾದದ್ದು 2008ರ ಡಿಸೆಂಬರಿನಲ್ಲಿ, ಮೂರನೆಯ ಆವೃತ್ತಿ ಬಂದಾಗ. ಅಲ್ಲಿಯವರೆಗೆ ಸ್ಟ್ರಿಂಗ್ ಎಂದರೆ ಬೈಟ್‌ಗಳೇ. ಫಿಟ್ಸ್‌ನ ಗೂಡು ಹಾಗೆಯೇ ಕೈಗೆ ಬರುತ್ತಿತ್ತು. ಮೂರರಲ್ಲಿ ಸ್ಟ್ರಿಂಗ್ ಯುನಿಕೋಡ್ ಆಯಿತು. ಕನ್ನಡದಂಥ ಭಾಷೆಗಳಿಗೆ ಅದು ವರವೇ. ಆದರೆ ನಂಪೈ ಲೈಬ್ರರಿಯ ಯುನಿಕೋಡ್ ಸಾಲಿನಲ್ಲಿ ಪ್ರತಿ ಅಕ್ಷರಕ್ಕೂ ನಾಲ್ಕು ಬೈಟ್, ಅದು ಬರೀ ಇಂಗ್ಲಿಷಿನ ಎ ಆದರೂ ಸರಿ. ಒಂದು ಕೋಟಿ ಆಕಾಶಕಾಯಗಳ ಇಪ್ಪತ್ತಕ್ಷರದ ಹೆಸರು ಡಿಸ್ಕಿನಲ್ಲಿ 20 ಕೋಟಿ ಬೈಟ್. ಮೆಮೊರಿಗೆ ಬಂದಾಗ 80 ಕೋಟಿ. ಜೊತೆಗೆ ಹಳೆಯ ಹೊಂದಾಣಿಕೆಗಾಗಿ ಉಳಿದುಕೊಂಡ ಚಾರ್‌ಅರೇ ಎಂಬ ರಚನೆ, ಹೆಸರೊಂದನ್ನು ಹೊರತೆಗೆದಾಗಲೆಲ್ಲ ಅದರ ಬಾಲದ ಖಾಲಿ ಜಾಗವನ್ನು ಕತ್ತರಿಸುತ್ತದೆ. ಲೂಪಿನೊಳಗೆ ಕೋಟಿ ಸಲ ಕತ್ತರಿಸಿದರೆ ಚಹಾ ಕುಡಿದು ಬರುವಷ್ಟು ಹೊತ್ತು.

ಖಗೋಳಿಗರ ಆಸ್ಟ್ರೋಪೈ ಬಳಗ ಇದಕ್ಕೆ ಕೊಟ್ಟ ಮದ್ದುಗಳು ಸರಳ. ಹೆಡರಿನ ಕಾರ್ಡುಗಳನ್ನು ಓದಿದ ಕೂಡಲೇ ಬಿಡಿಸುವುದಿಲ್ಲ, ಯಾರಾದರೂ ಕೇಳಿದಾಗಷ್ಟೇ ಬಿಡಿಸುತ್ತದೆ. ಫೈಲು ತೆರೆಯುವಾಗ ಸ್ಟ್ರಿಂಗ್ ಕಾಲಮ್ಮುಗಳನ್ನು ಬೈಟ್‌ಗಳಾಗಿಯೇ ಕೊಡು ಎಂದು ಹೇಳುವ ಒಂದು ಆಯ್ಕೆಯೂ ಇದೆ. ಹಾಗೆ ಹೇಳದಿದ್ದರೆ ಮುಟ್ಟಿದ ಕಾಲಮ್ಮು ಪೂರ್ತಿಯಾಗಿ ಮೆಮೊರಿಗೆ ಬಂದು ಕೂರುತ್ತದೆ. ಜಾಣರು ಮೊದಲು ಅಂಕಿಯ ಕಾಲಮ್ಮುಗಳಿಂದ ಬೇಕಾದ ಸಾಲುಗಳನ್ನು ಆರಿಸಿ, ಆಮೇಲೆ ಅಷ್ಟೇ ಹೆಸರುಗಳನ್ನು ಯುನಿಕೋಡಿಗೆ ತಿರುಗಿಸುತ್ತಾರೆ. ಫಿಲ್ಟರಿನ ಹೆಸರಿನಂತೆ ಮತ್ತೆಮತ್ತೆ ಬರುವುದಾದರೆ, ಬೇರೆಬೇರೆಯಾದ ನಾಲ್ಕೈದನ್ನು ಮಾತ್ರ ತಿರುಗಿಸಿ ಉಳಿದವಕ್ಕೆ ಅವುಗಳ ಸಂಖ್ಯೆ ಹಚ್ಚಿದರೆ ಸಾಕು.

2024ರ ಜೂನಿನಲ್ಲಿ ನಂಪೈ 2.0 ಉದ್ದ ಬದಲಾಗುವ ಹೊಸ ಸ್ಟ್ರಿಂಗ್ ಬಗೆಯನ್ನು ತಂದಿತು. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಸಾಕು. ಆದರೆ ಅದರ ಅಕ್ಷರಗಳು ಯಾವಾಗಲೂ ಗೂಡಿನೊಳಗೇ ಇರುವುದಿಲ್ಲವಾದ್ದರಿಂದ ಡಿಸ್ಕಿನ ಫೈಲನ್ನು ನೇರವಾಗಿ ಅದಕ್ಕೆ ಹೊಂದಿಸಲು ಬರುವುದಿಲ್ಲ. ದೊಡ್ಡ ಫಿಟ್ಸ್ ಫೈಲಿನಿಂದ ಬೇಗ ಹೆಸರು ತೆಗೆಯಬೇಕಾದವರು ಈಗಲೂ ಬೈಟ್‌ಗಳಿಂದಲೇ ಶುರುಮಾಡುತ್ತಾರೆ.