ಲೆಕ್ಕ ಬಹಿರಂಗ, ಹೆಸರು ಗುಪ್ತ: ವಿನ್ಸೆಂಟ್ ದೆ ಪಾವ್ಲ್ ಸೊಸೈಟಿಯ ಹಣಕಾಸು

ಸಂತ ವಿನ್ಸೆಂಟ್ ದೆ ಪಾವ್ಲ್ ಸೊಸೈಟಿಯು 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝನಾಮ್ ಹಾಗೂ ಸಂಗಡಿಗರು ಆರಂಭಿಸಿದ ಸ್ವಯಂಸೇವಕರ ಸಂಘ. ಧರ್ಮಕೇಂದ್ರದಲ್ಲಿರುವ ಇದರ ಘಟಕಕ್ಕೆ ಕಾನ್ಫರೆನ್ಸ್ ಎನ್ನುತ್ತಾರೆ. ಸದಸ್ಯರು ಬಡ ಕುಟುಂಬಗಳ ಮನೆಗೇ ಹೋಗಿ ನೆರವಾಗುತ್ತಾರೆ. ಸಭೆಯಲ್ಲಿ ಚೀಲವೊಂದನ್ನು ತಿರುಗಿಸಿ ಗುಪ್ತ ಕಾಣಿಕೆ ಸಂಗ್ರಹಿಸುತ್ತಾರೆ. ಯಾರು ಎಷ್ಟು ಹಾಕಿದರೆಂದು ತಿಳಿಯದು. ನೆರವು ಪಡೆದವರ ಹೆಸರನ್ನೂ ಹೊರಗೆ ಹೇಳುವುದಿಲ್ಲ.

ಲೆಕ್ಕ ತಪಾಸಣೆಗೆ ತೊಡಕಾಗುವುದು ಇಲ್ಲಿಯೇ. ರಶೀದಿಯಿಲ್ಲದ ಆದಾಯ, ಹೆಸರಿಲ್ಲದ ಖರ್ಚು! ಆದರೂ ದಾರಿಯಿದೆ. ಚೀಲದ ಹಣವನ್ನು ಸಭೆ ಮುಗಿಯುವ ಮೊದಲೇ ಇಬ್ಬರು ಎಣಿಸಿ, ಮೊತ್ತವನ್ನು ವರದಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಮನೆಗೆ ಕೊಂಡೊಯ್ದು ಎಣಿಸುವ ಖಜಾಂಚಿ ಎಷ್ಟೇ ಪ್ರಾಮಾಣಿಕರಾದರೂ, ನಾಳೆ ಯಾರಾದರೂ ಸಂಶಯಪಟ್ಟರೆ ತೋರಿಸಲು ಅವರ ಬಳಿ ಏನೂ ಇರುವುದಿಲ್ಲ.

ನೆರವಿನ ವೋಚರಿನಲ್ಲಿ ಹೆಸರಿನ ಬದಲು ಕುಟುಂಬದ ಸಂಖ್ಯೆ, ಭೇಟಿಗೆ ಹೋದ ಇಬ್ಬರ ಸಹಿ, ಸಾಧ್ಯವಿದ್ದರೆ ಔಷಧಿ ಅಂಗಡಿಯ ಬಿಲ್ಲು ಇರಲಿ. ಯಾವ ಸಂಖ್ಯೆ ಯಾರದೆಂಬ ಪಟ್ಟಿ ಅಧ್ಯಕ್ಷರ ವಶದಲ್ಲಿರಲಿ. ಲೆಕ್ಕಪರಿಶೋಧಕರು ಕೇಳಿದಾಗ ಅದನ್ನು ತೋರಿಸಲೇಬೇಕು. ಅವರಿಂದಲೂ ಮುಚ್ಚಿಟ್ಟರೆ ಗೌಪ್ಯತೆ ಬರೀ ನೆಪವಾಗುತ್ತದೆ.

ದಾನಿಯೊಬ್ಬರು ಮನೆ ದುರಸ್ತಿಗೆಂದು ಕೊಟ್ಟ ಹಣ ಅದಕ್ಕೇ ಸಲ್ಲಬೇಕು. ಉದ್ದೇಶ ತಿಳಿಸಿ ಕೊಟ್ಟ ಕಾಣಿಕೆಗಳ ಬಗ್ಗೆ 1983ರ ಧರ್ಮಸಭೆಯ ಕಾನೂನು ಸಂಹಿತೆಯ 1267ನೇ ವಿಧಿ ಹೇಳುವುದೂ ಇದನ್ನೇ. ಭಕ್ತರಿಗೆ ಲೆಕ್ಕ ಒಪ್ಪಿಸುವ ಮಾತು 1287ರಲ್ಲಿದೆ.

ವರ್ಷಾಂತ್ಯದಲ್ಲಿ ಚರ್ಚ್ ಫಲಕದ ಮೇಲೆ ಒಂದು ಹಾಳೆ ಸಾಕು: ಬಂದದ್ದು, ಔಷಧಿ, ಶಾಲಾ ಶುಲ್ಕ, ರೇಷನ್ ಎಂದು ಹೋದದ್ದು, ಉಳಿದದ್ದು. ಚಿಕ್ಕ ಧರ್ಮಕೇಂದ್ರದಲ್ಲಿ ಮಾತ್ರ ಜಾಗ್ರತೆ ಬೇಕು. ‘ಡಯಾಲಿಸಿಸ್, ಒಬ್ಬರಿಗೆ’ ಎಂದು ಬರೆದರೆ ಆ ಒಬ್ಬರು ಯಾರೆಂದು ವಾರ್ಡಿನವರಿಗೆಲ್ಲ ಗೊತ್ತಾಗುತ್ತದೆ; ‘ವೈದ್ಯಕೀಯ’ ಎಂದಷ್ಟೇ ಬರೆಯಿರಿ.