ಕ್ಯಾಸನೂರಿನ ಜ್ವರಕ್ಕೆ ಹೆಸರು ಸಿಕ್ಕ ಬಗೆ

ಮಲೆನಾಡಿನ ಕಡೆಯವರಿಗೆ ‘ಮಂಗನ ಕಾಯಿಲೆ’ ಎಂದರೆ ವಿವರಿಸಬೇಕಾಗಿಲ್ಲ. ಆದರೆ ಅದು ಯಾವ ಕಾಯಿಲೆ ಎಂದು ಪತ್ತೆಹಚ್ಚಿದ್ದು ಪುಣೆಯ ಪ್ರಯೋಗಾಲಯ. ಈ ಸಂಗತಿ ಪುಣೆಯ ಕನ್ನಡಿಗರಲ್ಲೂ ಎಷ್ಟು ಜನಕ್ಕೆ ಗೊತ್ತೋ!

1957ರ ಬೇಸಿಗೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳತೊಡಗಿದವು. ಸೌದೆಗೆಂದು, ದನ ಮೇಯಿಸಲೆಂದು ಕಾಡಿಗೆ ಹೋಗುತ್ತಿದ್ದ ಹಳ್ಳಿಗರು ಜ್ವರ ಹಿಡಿದು ಮಲಗಿದರು. ತಡೆಯಲಾರದ ತಲೆನೋವು, ಮೈಕೈ ನೋವು. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ. ಮೊದಲು ಟೈಫಾಯ್ಡ್ ಇರಬೇಕೆಂದುಕೊಂಡರು. ಆದರೆ ಮಂಗಗಳ ಸಾವಿನ ಸುದ್ದಿ ಮುಟ್ಟಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ (ಇಂದಿನ ಎನ್‌ಐವಿ) ಬೇರೆಯೇ ಭಯ. ಮಂಗ, ಮನುಷ್ಯ ಇಬ್ಬರನ್ನೂ ಕೊಲ್ಲುವ ಜ್ವರವೆಂದರೆ ಆಫ್ರಿಕ, ದಕ್ಷಿಣ ಅಮೆರಿಕಗಳ ಹಳದಿ ಜ್ವರವೇ? ಅದು ಏಷ್ಯದಲ್ಲಿ ಬೇರೂರಿದ್ದಿಲ್ಲ. ಹರಡುವ ಸೊಳ್ಳೆ ಮಾತ್ರ ನಮ್ಮಲ್ಲಿ ಧಾರಾಳ.

ಹೆಸರು ತಪ್ಪಿದರೆ ಉಪಾಯವೂ ತಪ್ಪುತ್ತದೆ. ಟೈಫಾಯ್ಡ್ ಆದರೆ ನೀರು ಕಾಯಿಸಬೇಕು, ಹಳದಿ ಜ್ವರವಾದರೆ ಸೊಳ್ಳೆ ಕೊಲ್ಲಬೇಕು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರ ತಂಡ ರೋಗಿಗಳ ರಕ್ತವನ್ನೂ ಮಂಗಗಳ ಅಂಗಾಂಶವನ್ನೂ ಇಲಿಮರಿಗಳಿಗೆ ಚುಚ್ಚಿ ವೈರಸ್ಸನ್ನು ಬೇರ್ಪಡಿಸಿತು. ಹೋಲಿಸಿ ನೋಡಿದರೆ ಅದು ರಷ್ಯದ ಮಿದುಳುಜ್ವರದ ಬಳಗದ್ದು! ಹರಡುವುದು ಸೊಳ್ಳೆಯಲ್ಲ, ಕಾಡಿನ ಉಣುಗು.

ವರ್ಗೀಕರಣದ ತಮಾಷೆ ಇಲ್ಲಿದೆ. ಆ ಬಳಗದ ಹೆಚ್ಚಿನವು ಮಿದುಳಿಗೆ ಏರುವಂಥವು. ನಮ್ಮದು ಸೈಬೀರಿಯದ ಓಮ್ಸ್ಕ್ ಜ್ವರದ ಹಾಗೆ ರಕ್ತಸ್ರಾವದ್ದು. ಅಷ್ಟಾದರೂ ಕೆಲವರಿಗೆ ವಾರ, ಎರಡು ವಾರ ಬಿಟ್ಟು ಜ್ವರ ಮರುಕಳಿಸಿ ಮಂಪರು, ನಡುಕ ಕಾಣಿಸುತ್ತದೆ. ವಂಶವೊಂದು, ಲಕ್ಷಣವೊಂದು!

ರಷ್ಯದ ನಂಟು ಬಂದದ್ದೇ ತಡ, ವಲಸೆ ಹಕ್ಕಿಗಳ ಮೇಲೆ ಅನುಮಾನ. ಮುಂಬಯಿಯ ಸಲೀಂ ಅಲಿಯವರ ಬಳಗ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅಧ್ಯಯನ ನಡೆಸಿತು. ಹಕ್ಕಿಗಳೇ ತಂದವೆಂದು ಸಾಬೀತಾಗಲಿಲ್ಲ, ಪಾಪ.

ಈಗ ಇಲಿಮರಿ ಬೇಕಿಲ್ಲ. ಜ್ವರದ ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್, ಆಮೇಲೆ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ. ಆದರೆ ಪರೀಕ್ಷೆ ಮಾಡಿಸಬೇಕೆಂದು ವೈದ್ಯರಿಗೆ ತೋಚಬೇಕಲ್ಲ? ಪ್ಲೇಟ್‌ಲೆಟ್ ಇಳಿದರೆ ನಗರದ ವೈದ್ಯರಿಗೆ ಮೊದಲು ನೆನಪಾಗುವುದು ಡೆಂಗಿ. ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇ. ನಾವು ರಜೆಗೆ ಊರಿಗೆ ಹೋಗುವುದೂ ಆಗಲೇ. ಉಣುಗು ಕಚ್ಚಿ 3ರಿಂದ 8 ದಿನಕ್ಕೆ ಜ್ವರ. ಮರಳಿ ಬಂದ ಮೇಲೆ ಮೈ ಬಿಸಿಯಾದರೆ, ಮಲೆನಾಡಿನ ಕಾಡಂಚಿನಲ್ಲಿ ಓಡಾಡಿದ್ದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿಬಿಡಿ.