ರದ್ದಿಗೆ ಹಾಕುವ ಮುನ್ನ ಪ್ಲೇಟು ತಿರುಗಿಸಿ ನೋಡಿ



ನಿಮ್ಮ ಮನೆಯ ಲಾಫ್ಟಿನಲ್ಲಿ, ಹಳೆಯ ಸೂಟ್‌ಕೇಸಿನ ಹಿಂದೆ, ಹನ್ನೆರಡು ಇಂಚಿನ ಕಪ್ಪು ಪ್ಲೇಟುಗಳ ಕಟ್ಟೊಂದು ಇದ್ದೀತು. ಡೊಂಬಿವಲಿ, ಥಾಣೆಯ ಹಳೆಯ ಕಟ್ಟಡಗಳನ್ನು ಒಡೆದು ಹೊಸದು ಕಟ್ಟುವ ಗಡಿಬಿಡಿಯಲ್ಲಿ ಇಂಥವು ಸೀದಾ ರದ್ದಿವಾಲನ ತಕ್ಕಡಿ ಏರುತ್ತವೆ. ಸ್ವಲ್ಪ ತಾಳಿ. ಆ ತಕ್ಕಡಿಯಲ್ಲೇ ಮುಗಿದುಹೋಗಬಹುದಾಗಿದ್ದ ಮುಂಬಯಿಯ ಎರಡು ಆಲ್ಬಮ್‌ಗಳ ಕಥೆ ಕೇಳಿ.

ರಾಕ್ ಸಂಗೀತ ಈ ಊರಿಗೆ ಹೊಸದೇನಲ್ಲ. 1970 ಮತ್ತು 1971ರಲ್ಲಿ ಸಿಗರೇಟು ಬ್ರಾಂಡೊಂದರ ಹೆಸರಿನ ‘ಸಿಮ್ಲಾ ಬೀಟ್’ ಸ್ಪರ್ಧೆಯ ಹಾಡುಗಳು ಎಲ್.ಪಿ.ಗಳಾಗಿ ಬಂದವು. 1972ರಲ್ಲಿ ಲೆಡ್ ಜೆಪ್ಪೆಲಿನ್‌ನ ಜಿಮ್ಮಿ ಪೇಜ್ ಮತ್ತು ರಾಬರ್ಟ್ ಪ್ಲಾಂಟ್ ಇಲ್ಲಿನ ಸ್ಟುಡಿಯೋದಲ್ಲಿ ನಮ್ಮ ವಾದ್ಯಗಾರರನ್ನು ಕೂರಿಸಿಕೊಂಡು ರೆಕಾರ್ಡಿಂಗ್ ಮಾಡಿದರು. ನ್ಯೂ ವೇವ್ ಅಲೆಯ ‘ದಿ ಪೊಲೀಸ್’ ತಂಡ 1980ರ ಮಾರ್ಚಿನಲ್ಲಿ ಇಲ್ಲಿ ಹಾಡಿತು.

ಆದರೆ ನಮ್ಮದೇ ತಂಡಗಳ ಪ್ಲೇಟನ್ನು ಕೊಂಡವರು ಕಡಿಮೆ. ಮುಂಬಯಿಯ ‘ಅಟಾಮಿಕ್ ಫಾರೆಸ್ಟ್’ ಎಂಬ ರಾಕ್ ತಂಡದ ‘ಒಬ್ಸೆಷನ್ 77’ ಹೊರಬಂದದ್ದು 1981ರಲ್ಲಿ. ಹೆಸರಿನ ಇಸವಿಗೂ ಬಿಡುಗಡೆಗೂ ನಾಲ್ಕು ವರ್ಷ ಅಂತರ! ಮುಂದೆ 2011ರಲ್ಲಿ ಅಮೆರಿಕದ ಕಂಪನಿಯೊಂದು ಆ ತಂಡದ ಸಂಗೀತವನ್ನು ಮತ್ತೆ ಹೊರತಂದಿತು.

ಎರಡನೆಯದು ಇನ್ನೂ ವಿಚಿತ್ರ. ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ಗಿಟಾರ್ ನುಡಿಸುತ್ತಿದ್ದ ಚರಣಜಿತ್ ಸಿಂಗ್ 1982ರಲ್ಲಿ ಜಪಾನಿನ ರೋಲಂಡ್ ಕಂಪನಿಯ ಮೂರು ಯಂತ್ರಗಳನ್ನು ಜೋಡಿಸಿ, ಡಿಸ್ಕೋ ತಾಳಕ್ಕೆ ಹತ್ತು ರಾಗಗಳನ್ನು ನುಡಿಸಿದರು. ಅದರಲ್ಲಿ ಭೂಪಾಲಿ ಉಂಟು, ಅಂದರೆ ನಮ್ಮ ಮೋಹನ. ಮಾಲಕೌಂಸ್, ಅಂದರೆ ಹಿಂದೋಳ. ಯಮನ್, ಅಂದರೆ ಕಲ್ಯಾಣಿ. (ಕಲ್ಯಾಣದ ಕೇಳುಗರು ಹೆಮ್ಮೆಪಡಲು ಅಡ್ಡಿಯಿಲ್ಲ.) ಎಚ್.ಎಂ.ವಿ. ತಂದ ಆ ಪ್ಲೇಟು ಆಗ ಸದ್ದು ಮಾಡಲಿಲ್ಲ. ಅವೇ ಬಗೆಯ ಯಂತ್ರಗಳಿಂದ ಷಿಕಾಗೋದ ಹುಡುಗರು ‘ಆಸಿಡ್ ಹೌಸ್’ ಸಂಗೀತ ಹುಟ್ಟಿಸಿ ಹೆಸರಾದದ್ದು 1987ರಲ್ಲಿ. 2010ರಲ್ಲಿ ಯುರೋಪಿನ ಸಂಗ್ರಾಹಕರೊಬ್ಬರು ಚರಣಜಿತರ ಆಲ್ಬಮ್ ಮತ್ತೆ ಮುದ್ರಿಸಿದ ಮೇಲೆ ಜಗತ್ತು ಬೆಕ್ಕಸಬೆರಗಾಯಿತು. 2015ರಲ್ಲಿ ಅವರು ತೀರಿಕೊಂಡರು. ಕೊನೆಗಾಲದಲ್ಲಾದರೂ ವಿದೇಶದ ವೇದಿಕೆಗಳಲ್ಲಿ ಚಪ್ಪಾಳೆ ಸಿಕ್ಕಿತಲ್ಲ, ಅಷ್ಟು ಸಮಾಧಾನ.

80ರ ದಶಕದಲ್ಲಿ ಅಗ್ಗದ ಕ್ಯಾಸೆಟ್ ಬಂತು, ಪ್ಲೇಟು ಮೂಲೆ ಸೇರಿತು. ದೇಶದ ಮುದ್ರಣಾಲಯಗಳೂ ಮುಚ್ಚಿದವು. ಕುತೂಹಲದ ಸಂಗತಿಯೆಂದರೆ, ದಶಕಗಳ ಬಳಿಕ ವಿನೈಲ್ ಪ್ಲೇಟು ಮತ್ತೆ ಅಚ್ಚಾಗುತ್ತಿರುವುದು ನಿಮ್ಮ ಪಕ್ಕದಲ್ಲೇ. 2024ರಲ್ಲಿ ಸಾಜಿ ಪಿಳ್ಳೈ ನವಿಮುಂಬಯಿಯಲ್ಲಿ ಕಾರ್ಖಾನೆ ತೆರೆದರು. ಕಾಯಿಸಿದ ಪಿ.ವಿ.ಸಿ. ಉಂಡೆಯನ್ನು ಎರಡು ಲೋಹದ ಅಚ್ಚುಗಳ ನಡುವೆ ಇಟ್ಟು ಒತ್ತುವುದು, ತಣ್ಣೀರಿನಿಂದ ಆರಿಸುವುದು, ಅಂಚು ಕತ್ತರಿಸುವುದು: ದೋಸೆ ಹುಯ್ಯುವಷ್ಟೇ ಹೊತ್ತಿನ ಕೆಲಸ!

ಯಂತ್ರವೇನೋ ಬಂತು, ಒತ್ತಲು ಹಾಡು ಬೇಕಲ್ಲ? ಮೂಲ ಟೇಪು ಕಳೆದಿದ್ದರೆ ಯಾರದೋ ಮನೆಯಲ್ಲಿ ಉಳಿದ ಒಳ್ಳೆಯ ಪ್ಲೇಟೇ ಮೂಲಪ್ರತಿ. ಇಂಗ್ಲಿಷ್ ರಾಕ್ ಪ್ಲೇಟುಗಳಿಗೆ ಲಂಡನ್, ನ್ಯೂಯಾರ್ಕಿನಲ್ಲಿ ಕಾವಲುಗಾರರಿದ್ದಾರೆ. ಶಂಕರ್ ನಾಗ್ ಗಿಟಾರ್ ಹಿಡಿದ ‘ಗೀತಾ’ದ (1981) ಕಾಲದ ಕನ್ನಡ ಪ್ಲೇಟುಗಳಿಗೆ ನೀವೇ.

ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನಿಲ್ಲಿಸಿ. ನಮ್ಮ ಮಳೆಗಾಲದಲ್ಲಿ ಹೊದಿಕೆಗೆ ಬೂಷ್ಟು ಹಿಡಿಯುತ್ತದೆ, ಆಗಾಗ ತೆಗೆದು ಗಾಳಿಗಿಡಿ. ಬಿಸಿಲು ಬೇಡ, ಪ್ಲೇಟು ಸೊಟ್ಟಗಾಗುತ್ತದೆ. ಚರಚರ ಸದ್ದಿನಲ್ಲೇ ಮಾಧುರ್ಯ ಎನ್ನುವವರ ಮಾತು ನಂಬಬೇಡಿ, ಅದು ಬರೀ ಧೂಳು. ಲೇಬಲ್ಲಿನ ಸುತ್ತಲ ನುಣುಪು ಜಾಗದಲ್ಲಿ ಒಂದು ಸಂಖ್ಯೆ ಕೊರೆದಿರುತ್ತದೆ. ನಿಮ್ಮಲ್ಲಿ ಕನ್ನಡ ಪ್ಲೇಟು ಸಿಕ್ಕಿ ನಮಗೆ ಬರೆಯುವಿರಾದರೆ, ಹಾಡಿನ ಹೆಸರಿನ ಜೊತೆಗೆ ಆ ಸಂಖ್ಯೆಯನ್ನೂ ಬರೆಯಿರಿ.